ಬಲಗಿವಿಗೂ, ಬೂತಿನ ಪಕ್ಕ ನಿಂತವನಿಗೂ

ಎಡಗಿವಿ ಕೇಳಿಸದಾಗಿ ತಿಂಗಳುಗಟ್ಟಲೆ ದೂರವಿದ್ದ ಮೇಲೆ, ಡಿಜೆ ನಿಲ್ಲುವ ಬೂತಿಗೆ ನಾನು ಮರಳಿದ ಶನಿವಾರ ರಾತ್ರಿಯ ಸೆಟ್ ಮುಗಿಯಿತು. ಎರಡು ಗಂಟೆಗೆ ಶುರುವಾದದ್ದು ಐದಕ್ಕೆ ನಿಂತಿತು. ಕ್ಲಬ್ಬಿನವರು ದೀಪ ಹಾಕಿದ ಮೇಲೂ ಕೆಲವರು ಫ್ಲೋರ್ ಬಿಟ್ಟು ಕದಲಲಿಲ್ಲ. ಅಂದಿನಿಂದ ಬರುತ್ತಿರುವ ಸಂದೇಶಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತ ಕುಳಿತರೆ ಮುಂದಿನ ಸೆಟ್ಟೇ ಬಂದುಬಿಡುತ್ತದೆ, ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಹೇಳುತ್ತಿದ್ದೇನೆ. ಎಡಗಿವಿಗೆ ಏನಾಯಿತು, ಯಾವ ಚಿಕಿತ್ಸೆ ಎಲ್ಲಿಗೆ ಬಂದು ನಿಂತಿತು ಎಂಬುದು ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಕೆದಕುವುದಿಲ್ಲ.

ಮನೆಯವರಿಗೆ, ಶ್ರವಣ ತಜ್ಞರಿಗೆ, ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯದೆ ಕಾದ ಕ್ಲಬ್ಬಿನ ಮಾಲೀಕರಿಗೆ, ಅಷ್ಟು ತಿಂಗಳು ನನ್ನ ಜಾಗ ತುಂಬಿದ ಸಹ ಡಿಜೆಗಳಿಗೆ, ಬಾಗಿಲಲ್ಲಿ ನಿಂತು ಜನರನ್ನು ಸಂಭಾಳಿಸಿದವರಿಗೆ ನನ್ನ ನಮಸ್ಕಾರ. ಎಲ್ಲರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದೆನೆಂದು ಬೇಸರಿಸಬೇಡಿ. ಈ ಬರಹದ ಬಹುಪಾಲು ಒಬ್ಬನಿಗೆ ಸಲ್ಲಬೇಕಾದದ್ದು.

ಅವನು ಆ ಕ್ಲಬ್ಬಿನ ಸೌಂಡ್ ಎಂಜಿನಿಯರ್. ಹೆಸರು ಬರೆದರೆ ಮುಂದಿನ ಸಲ ಮಾನಿಟರ್, ಅಂದರೆ ಬೂತಿನೊಳಗೆ ನನಗೆಂದು ಇಟ್ಟ ಸ್ಪೀಕರ್, ಆರಿಸಿಬಿಡುತ್ತೇನೆ ಎಂದು ಬೆದರಿಸಿದ್ದಾನೆ, ಆದ್ದರಿಂದ ಬರೆಯುವುದಿಲ್ಲ. ವರ್ಷಗಟ್ಟಲೆ ನಮ್ಮಿಬ್ಬರ ಒಡನಾಟ ಎಂದರೆ ಜಗಳವೇ. ನಾನು ಹಾಡುಗಳನ್ನು ಬೆರೆಸುವ ಮಿಕ್ಸರಿನಲ್ಲಿ ಗೇನ್, ಅಂದರೆ ಸದ್ದಿನ ಮಟ್ಟ, ಏರಿಸುವುದು, ಅವನು ತನ್ನ ಕಡೆಯಿಂದ ಇಳಿಸುವುದು, ಮೀಟರಿನ ಕೆಂಪು ದೀಪದತ್ತ ಬೆರಳು ತೋರಿಸಿ ಗುರಾಯಿಸುವುದು. ಇಂಥವನು ನನ್ನ ಮನೆಗೆ ಬಂದು ಒಂದು ರಾತ್ರಿ ಕೂರುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಕಿವಿ ಹೋಯಿತು ಎಂದರೆ ಸದ್ದಡಗಿತು ಎಂದು ಹಲವರು ತಿಳಿಯುತ್ತಾರೆ. ನನಗೆ ಆದದ್ದು ಅದರ ತದ್ವಿರುದ್ಧ. ಕೇಳಿಸದ ಕಿವಿಯೊಳಗೇ ಒಂದು ತೀಕ್ಷ್ಣ ಸ್ವರ ಹಿಡಿದುಕೊಂಡಿತು; ಏರದು, ಇಳಿಯದು, ಉಸಿರಿಗೂ ನಿಲ್ಲದು. ಜೀವನವಿಡೀ ಫೇಡರ್ ಎಂಬ, ಸದ್ದು ಏರಿಸಿ ಇಳಿಸುವ ಜಾರುಗುಂಡಿ ಎಳೆದು ಸದ್ದನ್ನು ಹೇಳಿದ ಹಾಗೆ ಕೇಳಿಸಿದವರಿಗೆ, ಫೇಡರ್ ಇಲ್ಲದ ಸದ್ದು ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಸದ್ದನ್ನು ಗ್ರಹಿಸುವ ಒಳಗಿವಿಯ ಕೂದಲುಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ ಎಂಬುದು ಆ ದಿನ ಸಂಜೆಯಷ್ಟೇ ಮನಸ್ಸಿಗೆ ಇಳಿದಿತ್ತು. ನೋಡಲು ಬಂದವರು ಧೈರ್ಯ ಹೇಳಿ ಹೊರಟರು. ಇವನು ಬಂದದ್ದು ಅವರೆಲ್ಲ ಹೋದ ಮೇಲೆ, ಕಂಕುಳಲ್ಲಿ ಒಂದು ಹಳೆಯ ರೇಡಿಯೊ ಇಟ್ಟುಕೊಂಡು.

ಎರಡು ಕೇಂದ್ರಗಳ ನಡುವೆ ಮುಳ್ಳನ್ನು ನಿಲ್ಲಿಸಿ, ಬರೀ ಕರಕರ ಸದ್ದು ಬರುವಂತೆ ಮಾಡಿದ. ಕಿವಿಯ ಸ್ವರ ಅದರಲ್ಲಿ ಪೂರ್ತಿ ಮುಳುಗಬಾರದು, ಅಂಚು ಮಸುಕಾದರೆ ಸಾಕು ಎಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ನನ್ನ ಮುಖ ನೋಡುತ್ತಿದ್ದ. ಸರಿಹೋಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ನಾನು ಮಾತ್ರ ಸುಮ್ಮನಿರಲಿಲ್ಲ. ಕಪಾಟಿನಲ್ಲಿರುವ ರೆಕಾರ್ಡುಗಳನ್ನೆಲ್ಲ ಮಾರಿಬಿಡು, ನಾಳೆಯೇ ತೆಗೆದುಕೊಂಡು ಹೋಗು ಎಂದೆ. "ಮಾರುವುದಾದರೆ ಮೊದಲು ಧೂಳು ಒರೆಸಬೇಕಲ್ಲ" ಎಂದವನೇ ನೆಲದ ಮೇಲೆ ಕುಳಿತು, ಒಂದೊಂದನ್ನೂ ಅಂಚಿನಲ್ಲಿ ಹಿಡಿದು ಬ್ರಷ್ ಆಡಿಸತೊಡಗಿದ.

ನಡುರಾತ್ರಿ ಕಳೆದಿರಬೇಕು. ಒಂದು ರೆಕಾರ್ಡನ್ನು ಟೇಬಲ್ ದೀಪದ ಕೆಳಗೆ ಓರೆಯಾಗಿ ಹಿಡಿದು, ಇದರಲ್ಲಿ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಹೊಡೆತ, ಎಲ್ಲಿ ಬಿಡುತ್ತದೆ ಎಂದು ಕೇಳಿದ. ವಿನೈಲ್ ರೆಕಾರ್ಡ್ ಹಾಕುವವರಿಗೆ ಗೊತ್ತು, ಸಂಗೀತ ತೆಳುವಾದ ಕಡೆ ಗೆರೆಗಳ ಬಣ್ಣವೇ ಬೇರೆ. ಕತ್ತಲ ಬೂತಿನಲ್ಲಿ ನಾವು ಅದನ್ನೇ ನೋಡಿ ಸೂಜಿ ಇಡುತ್ತೇವೆ. ನಾನು ಬೆರಳಿಟ್ಟು ತೋರಿಸಿದೆ. ಮುಂದಿನದನ್ನು ಹಿಡಿದ, ತೋರಿಸಿದೆ. ಅದರ ಮುಂದಿನದಕ್ಕೆ ಬೆರಳು ಆಡಲಿಲ್ಲ. ಅಷ್ಟು ದಿನ ಮನೆಯವರ ಮುಂದೆ ಹಿಡಿದಿಟ್ಟದ್ದೆಲ್ಲ ಅಲ್ಲಿ ಕಿತ್ತುಕೊಂಡು ಬಂತು. ಸಣ್ಣ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ಅವನು ರೇಡಿಯೊ ಸದ್ದನ್ನು ಒಂದಿಷ್ಟು ಏರಿಸಿದ, ಅಷ್ಟೇ. ಅವನಾಗಿಯೇ ಸದ್ದು ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೆಳಗಾಗುವವರೆಗೆ ಮಾರಾಟದ ಮಾತು ಮತ್ತೆ ಬರಲಿಲ್ಲ.

ಆಮೇಲಿನದು ಬರೀ ಕೆಲಸ. ಸಾಮಾನ್ಯವಾಗಿ ಡಿಜೆ ಒಂದು ಕಿವಿಯಲ್ಲಿ ಹೆಡ್‌ಫೋನ್ ಇಟ್ಟು ಮುಂದಿನ ಹಾಡನ್ನು ಕೇಳುತ್ತಾನೆ, ಇನ್ನೊಂದರಲ್ಲಿ ಹೊರಗೆ ಓಡುತ್ತಿರುವ ಹಾಡನ್ನು. ಒಂದೇ ಕಿವಿ ಉಳಿದವರಿಗೆ ಆ ಲೆಕ್ಕ ಸಲ್ಲದು. ಮಿಕ್ಸರಿನಲ್ಲಿ ಎಲ್ಲರೂ ಕಡೆಗಣಿಸುವ ಕ್ಯೂ ಮಿಕ್ಸ್ ಎಂಬ ಗುಂಡಿಯೇ ನನ್ನ ಕೈಹಿಡಿದದ್ದು: ಎರಡೂ ಹಾಡುಗಳು ಒಂದೇ ಕಿವಿಗೆ, ಬೇಕಾದ ಅಳತೆಯಲ್ಲಿ. ಹೊಸ ಹಾಡಿನ ಬೇಸ್, ಅಂದರೆ ತಗ್ಗಿನ ಸದ್ದು, ಪೂರ್ತಿ ತೆಗೆದು, ಅದರ ಹೈ-ಹ್ಯಾಟನ್ನು, ಅಂದರೆ ಚಿಕ್ಕ ತಾಳದ ಸದ್ದನ್ನು, ಹಳೆಯದರ ಕಿಕ್ ಮೇಲೆ ಕೂರಿಸುವುದನ್ನು ಅಕ್ಷರಾಭ್ಯಾಸದಂತೆ ಮೊದಲಿನಿಂದ ಕಲಿತೆ. ಮಧ್ಯಾಹ್ನ ಖಾಲಿ ಕ್ಲಬ್ಬಿನ ಬಾಗಿಲು ತೆಗೆದುಕೊಟ್ಟು, ಬೀಟ್ ಜಾರಿದಾಗಲೆಲ್ಲ ದೂರದಿಂದ ಕೈ ಎತ್ತುತ್ತಿದ್ದವನು ಅವನೇ.

ಬೂತಿನ ಮಾನಿಟರನ್ನು ಎಡದಿಂದ ಬಲಕ್ಕೆ ಸ್ಥಳಾಂತರಿಸಿದ. ಮುಖ್ಯ ಸ್ಪೀಕರುಗಳನ್ನೇ ನಂಬಿದರಾಗದೇ ಎಂದು ಕೇಳಿದ್ದಕ್ಕೆ ಲೆಕ್ಕ ಹಾಕಿ ತೋರಿಸಿದ: ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 10 ಮೀಟರ್ ದೂರದ ಸ್ಪೀಕರಿನಿಂದ ನನ್ನ ಕಿವಿ ಮುಟ್ಟಲು ಹತ್ತಿರ ಹತ್ತಿರ 29 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 125 ಬೀಟ್ ಓಡುವಾಗ ಎರಡು ಬೀಟ್‌ಗಳ ನಡುವೆ ಇರುವುದೇ 480 ಮಿಲಿಸೆಕೆಂಡ್; ಅದರಲ್ಲಿ 29 ತಪ್ಪಿದರೆ ಕಿಕ್ ಎರಡೆರಡು ಸಲ ಬಿದ್ದಂತೆ ಕೇಳುತ್ತದೆ. ಬೂತಿನ ಸದ್ದಿಗೆ 88 ಡೆಸಿಬೆಲ್‌ನ ಗಡಿ ಹಾಕಿದ್ದೂ ಅವನೇ. ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ನಿಯೋಶ್ ಸಂಸ್ಥೆ ಕೊಟ್ಟ ಲೆಕ್ಕದಂತೆ 85 ಡೆಸಿಬೆಲ್ ಸದ್ದಿನಲ್ಲಿ ಇರಬಹುದಾದದ್ದು ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100ಕ್ಕೆ ಹೋದರೆ ಉಳಿಯುವುದು 15 ನಿಮಿಷ. ಉಳಿದಿರುವ ಕಿವಿ ಒಂದೇ, ಅದರ ಮೇಲೆ ನಿನಗಿಂತ ನನಗೆ ಹೆಚ್ಚು ಕಾಳಜಿ ಎಂದು ಹೇಳಿಕೊಂಡ. ನಿಜ ಇರಬಹುದು.

ಶನಿವಾರ ನನಗಿಂತ ಮುಂಚೆ ನುಡಿಸಿದ ಹುಡುಗಿಗೆ ಒಂದು ಮಾತು ಹೇಳಲೇಬೇಕು. ಫ್ಲೋರನ್ನು ಬಿಸಿ ಮಾಡಿ, ಕುದಿಸದೆ ಬಿಟ್ಟುಕೊಟ್ಟಳು. ಆ ವಯಸ್ಸಿನಲ್ಲಿ ನನಗೆ ಆ ಸಂಯಮ ಬಂದಿರಲಿಲ್ಲ.

ನಡುವೆ 303 ಯಂತ್ರದ ಸದ್ದಿರುವ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತದ ಹಳೆಯ ರೆಕಾರ್ಡುಗಳನ್ನು ಹಾಕಿದ್ದನ್ನು ಹಲವರು ಗುರುತಿಸಿದ್ದೀರಿ. ರೋಲ್ಯಾಂಡ್ ಕಂಪನಿ 1981ರಲ್ಲಿ ಬೇಸ್ ಗಿಟಾರಿಗೆ ಬದಲಿಯೆಂದು ತಂದ ಆ ಪೆಟ್ಟಿಗೆ ಮಾರಾಟವಾಗದೆ 1984ರಲ್ಲಿ ನಿಂತೇಹೋಯಿತು. ಆಮೇಲೆ ಷಿಕಾಗೊದ ಹುಡುಗರು ಸೆಕೆಂಡ್ ಹ್ಯಾಂಡ್ ಯಂತ್ರದ ಗುಂಡಿಗಳನ್ನು ಅಡ್ಡಾದಿಡ್ಡಿ ತಿರುಗಿಸಿದಾಗ ಹೊಸ ಸಂಗೀತವೇ ಹುಟ್ಟಿತು. ನನ್ನನ್ನು ಅದಕ್ಕೆ ಹೋಲಿಸಿ ಬರೆದವರಿಗೂ ಧನ್ಯವಾದ. ನನ್ನ ಗುಂಡಿಗಳನ್ನು ಮಾತ್ರ ಯಾರೂ ತಿರುಗಿಸಬೇಡಿ.

ಆ ಸ್ವರ ಇನ್ನೂ ಇದೆ, ಇದನ್ನು ಬರೆಯುವಾಗಲೂ. ಅದರೊಂದಿಗೆ ಹೊಂದಿಕೊಂಡೆ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಅದು ಹಿಂದೆ ಸರಿಯುತ್ತದೆ, ಕೆಲವು ದಿನ ಇಲ್ಲ. ಶನಿವಾರ ಮೂರೂವರೆಯ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ.

ಹಾಡುಗಳ ಪಟ್ಟಿ ಕೇಳಿದವರಿಗೆ ಈ ವಾರದೊಳಗೆ ಕಳಿಸುತ್ತೇನೆ. ಬೂತಿನ ಗಡಿಯನ್ನು ಇನ್ನು ಮೂರು ಡೆಸಿಬೆಲ್ ಏರಿಸು ಎಂದು ನಿನ್ನೆ ಅವನನ್ನು ಕೇಳಿದೆ. ಹಾಗಾದರೆ ಸೆಟ್ಟನ್ನು ಎರಡು ಗಂಟೆಯ ಅವಧಿಗೆ ಇಳಿಸು ಎಂದಿದ್ದಾನೆ. ಜಗಳ ನಡೆದಿದೆ.