ಹೆದ್ದಾರಿ ಬದಿಯ ಗಿಡಗಳನ್ನೂ ಎಣಿಸಿ

ಮಾನ್ಯರೇ,

ನನ್ನ ತಂಗಿಯ ಮಗಳು ಅಮೆರಿಕದ ಅರಿಜೋನಾದಲ್ಲಿದ್ದಾಳೆ. ರಜೆಯಲ್ಲಿ ಮರುಭೂಮಿಯ ಹೆದ್ದಾರಿ ಬದಿ ಸಾಸಿವೆ ಗಿಡ ಎಣಿಸುತ್ತಾಳಂತೆ! ನಮ್ಮ ಒಗ್ಗರಣೆಯ ಸಾಸಿವೆ ಅಲ್ಲ, ಅದರ ದಾಯಾದಿ ಸಹಾರಾ ಸಾಸಿವೆ. ಮಳೆಗೆ ನೆನೆದರೆ ಬೀಜ ಅಂಟಂಟಾಗುತ್ತದೆ. ಗಾಡಿಗಳಿಗೆ ಮೆತ್ತಿಕೊಂಡು ಊರೂರು ಸುತ್ತುತ್ತದೆ. ಒಣಗಿದ ಮೇಲೆ ಕಾಳ್ಗಿಚ್ಚಿಗೆ ಅದೇ ಸೌದೆ. ಹಾಗಾಗಿ ಎಲ್ಲಿ ಎಷ್ಟು ಹುಟ್ಟಿದೆ ಎಂದು ಬರೆದಿಡುತ್ತಾರೆ.

ಕೇಳಿ ನಕ್ಕಿದ್ದೆ. ಆದರೆ ಮೊನ್ನೆ ಶಿರಸಿಯಿಂದ ಕುಮಟೆಗೆ ಬಸ್ಸಿನಲ್ಲಿ ಹೋಗುವಾಗ ಸುಮ್ನೆ ಕಿಟಕಿಯಾಚೆ ನೋಡುತ್ತ ಕೂತೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕಮ್ಯುನಿಸ್ಟ್ ಗಿಡ. ಹೊಸ ಮಣ್ಣು ಸುರಿದಲ್ಲಿ ಕಾಂಗ್ರೆಸ್ ಗಿಡ. ಪಕ್ಷಭೇದವೇ ಇಲ್ಲ! ಎರಡೂ ಅಮೆರಿಕ ಖಂಡದಿಂದ ಬಂದವು. ನಮ್ಮ ತೋಟದ ದಣಪೆ ಹತ್ತಿರ ಜಲ್ಲಿ ಲಾರಿ ಬಂದು ಹೋದ ಮೇಲೆ ಎರಡೇ ಕಾಂಗ್ರೆಸ್ ಗಿಡ ಕಂಡಿದ್ದವು. ಸಣ್ಣವು ಅಲ್ವಾ ಎಂದು ಬಿಟ್ಟೆ. ಈಗ ಕಿತ್ತು ಕಿತ್ತು ಕೈ ತುರಿಕೆ.

ನಮ್ಮ ಜಿಲ್ಲೆಯಲ್ಲೂ ಮಳೆ ಶುರುವಾದ ಕೂಡಲೇ ಕಾಲೇಜು ಮಕ್ಕಳಿಂದ ರಸ್ತೆಬದಿಯ ಕಳೆಯ ಲೆಕ್ಕ ಮಾಡಿಸಿ. ಹೂ ಬಿಡುವ ಮೊದಲೇ ಕೀಳಿಸಿ. ದೇವಿಮನೆಯಿಂದ ಶುರು ಮಾಡುವುದಾದರೆ ನಾನೂ ಬರುತ್ತೇನೆ. ಅವಲಕ್ಕಿ ಡಬ್ಬಿ ನನ್ನದೇ.

– ನಿವೃತ್ತ ಶಿಕ್ಷಕಿ, ಶಿರಸಿ