ಕೊಲೆಗಾರನ ಬಾಯಿ ಬಿಡಿಸಬೇಡ

ಪ್ರೀತಿಯ ಮಗೂ,

ನಿನ್ನ ಹಸ್ತಪ್ರತಿ ಹೋದ ಬುಧವಾರ ಕೈಸೇರಿತು. ಎರಡು ರಾತ್ರಿ ಕೂತು ಓದಿ ಮುಗಿಸಿದೆ. ಜೊತೆಗಿಟ್ಟಿದ್ದ ಪತ್ರವನ್ನು ಮೂರು ಸಲ ಓದಿದೆ. ಮೊದಲ ಕಾದಂಬರಿಯನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ, ಎಂಟು ತಿಂಗಳಲ್ಲಿ 64 ಪ್ರತಿ ಮಾರಿ, ಉಳಿದ ಬಂಡಲುಗಳನ್ನು ಅಪ್ಪನ ಮಂಚದ ಕೆಳಗೆ ತಳ್ಳಿದ್ದೇನೆ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಯಾರಿಗೂ ಬೇಡ, ಇದೇ ನನ್ನ ಕೊನೆಯದು’ ಅಂದಿದ್ದೀಯ. ಹಾಗೆಲ್ಲ ತೀರ್ಮಾನ ಮಾಡುವ ವಯಸ್ಸಲ್ಲ ನಿನ್ನದು.

ನೀನು ಕೇಳಿದ ಒಂಬತ್ತು ಪ್ರಶ್ನೆಗಳಲ್ಲಿ ಏಳು ಮುಖಪುಟ, ಬೆಲೆ, ಐಎಸ್‌ಬಿಎನ್, ಪ್ರಿಂಟ್ ಆನ್ ಡಿಮಾಂಡ್, ಗ್ರಂಥಾಲಯ ಇಲಾಖೆಯ ಅರ್ಜಿ ಇಂಥವೇ. ಅವನ್ನು ನಿನ್ನ ಓರಗೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರನ್ನೇ ಕೇಳು. ಸಣ್ಣಪುಟ್ಟ ತಪ್ಪುಗಳನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಕಥೆ ನಡೆಯುವುದು 2025ರ ಫೆಬ್ರವರಿಯಲ್ಲಿ, ನಿನ್ನ ಇನ್‌ಸ್ಪೆಕ್ಟರ್ ಮಾತ್ರ ‘302 ಹಾಕ್ತೀನಿ’ ಅನ್ನುತ್ತಾನೆ. ಅದು ಹಳೆಯ ದಂಡ ಸಂಹಿತೆಯ ಸೆಕ್ಷನ್, 2024ರ ಜುಲೈ 1ರಿಂದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103. ಹೆಣವನ್ನು ಕೋಲ್ಡ್ ಸ್ಟೋರೇಜಿನ ಚೀಲಗಳ ನಡುವೆ ಇಟ್ಟು ಸಾವಿನ ಹೊತ್ತು ತಿಳಿಯದಂತೆ ಮಾಡಿದ್ದು ಬಹಳ ಹಿಡಿಸಿತು. ಚಳಿಯಲ್ಲಿ ಹೆಣ ಸೆಟೆಯುವುದೂ ನಿಧಾನ, ಸೆಟೆತ ಬಿಡುವುದೂ ನಿಧಾನ. ಇಷ್ಟು ಗೊತ್ತಿದ್ದೂ ನಿನ್ನ ಡಾಕ್ಟರು ‘ರಾತ್ರಿ 11 ಗಂಟೆ 20 ನಿಮಿಷಕ್ಕೆ ಸತ್ತಿದ್ದಾನೆ’ ಅನ್ನುವುದು ಹೇಗೆ? ಇಂಥವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಳ್ಳಬಹುದು.

ನಾನು ಹೇಳಬೇಕಾದದ್ದು 58ನೇ ಪುಟದ ಬಗ್ಗೆ.

ಬ್ಯಾಡಗಿ ಮಾರುಕಟ್ಟೆ, ಟೆಂಡರ್ ದಿನ, ಎಲ್ಲಿ ನೋಡಿದರೂ ಮೆಣಸಿನಕಾಯಿಯ ಕೆಂಪು ರಾಶಿ. ದಲಾಲಿ ಅಂಗಡಿಯ ಗುಮಾಸ್ತ ಸತ್ತು ಎರಡನೇ ದಿನ. ಇನ್‌ಸ್ಪೆಕ್ಟರ್ ಸೀನುತ್ತಾನೆ, ಹಿಂದೆ ನಿಂತ ಪೇದೆ ಸೀನುತ್ತಾನೆ, ಡಾಕ್ಟರು ಕರ್ಚೀಫು ಮೂಗಿಗೆ ಹಿಡಿದಿದ್ದಾರೆ. ‘ಈ ಊರಿಗೆ ಕಾಲಿಟ್ಟದ್ದೇ ಇವತ್ತು’ ಎನ್ನುವ ಹುಬ್ಬಳ್ಳಿಯ ಆ ಲೇವಾದೇವಿಯವನು ಮಾತಾಡುತ್ತಲೇ ರಾಶಿಗೆ ಕೈ ಹಾಕಿ, ಒಂದು ಕಾಯಿ ಮುರಿದು, ಬೀಜ ಉದುರಿಸಿ, ಮೂಗಿನ ಹತ್ತಿರ ಹಿಡಿದು ನೋಡಿ ಮತ್ತೆ ರಾಶಿಗೆ ಎಸೆಯುತ್ತಾನೆ. ಸೀನುವುದಿಲ್ಲ. ನೀನು ಅದರ ಬಗ್ಗೆ ಒಂದು ಮಾತೂ ಆಡದೆ ಮುಂದಿನ ಸಾಲಿಗೆ ಹೋಗಿದ್ದೀಯ.

ಅಲ್ಲಿಗೆ ಪುಟ ಮಡಿಚಿಟ್ಟು ಎದ್ದು ಅಂಗಳಕ್ಕೆ ಹೋದೆ. ಘಾಟಿಗೆ ಮೂಗು ಪಳಗಿದವನು ಆ ಊರಿಗೆ ಹೊಸಬನಾಗಿರಲು ಸಾಧ್ಯವೇ ಇಲ್ಲ! ಎಷ್ಟು ಸಣ್ಣ ಸುಳಿವು, ಎಷ್ಟು ಬೆಳಕಿನಲ್ಲಿ ಇಟ್ಟಿದ್ದೀಯ. ಬ್ಯಾಡಗಿಯಲ್ಲಿ ಬದುಕಿದವರ ಹೊರತು ಬೇರೆ ಯಾರಿಗೂ ಇದು ಹೊಳೆಯುತ್ತಿರಲಿಲ್ಲ. ನಂತರದ 150 ಪುಟ ಆ ಬಾರದ ಸೀನು ತಿರುಗಿ ಬರಲಿ ಎಂದು ಕಾಯುತ್ತ ಓದಿದೆ. ಬರಲೇ ಇಲ್ಲ. 209ನೇ ಪುಟದಲ್ಲಿ ಅವನನ್ನು ಠಾಣೆಗೆ ಎಳೆತಂದು, ಎರಡು ಬಿಗಿದು, ‘ಹೌದು ಸಾರ್, ನಾನೇ ಕೊಂದೆ’ ಅನ್ನಿಸಿ, ಅಲ್ಲಿಂದ 31 ಪುಟ ಅವನ ಬಾಯಲ್ಲೇ ಕಥೆ ಹೇಳಿಸಿ ಮುಗಿಸಿಬಿಟ್ಟಿದ್ದೀಯ. ನನಗೆ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ.

ಈ ದೇಶದಲ್ಲಿ 1872ರಿಂದ ಒಂದು ಕಾನೂನಿದೆ. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯಲ್ಲಿ ಅದು 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಬೇರೆ ಮಾತು. ಅವರೂ ಮೊದಲು ‘ನೀನು ಇದನ್ನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಸಬಹುದು’ ಎಂದು ತಿಳಿಸಿಯೇ ಬರೆದುಕೊಳ್ಳಬೇಕು. ಠಾಣೆಯಲ್ಲಿ ಹೊಡೆದು ಬಡಿದು ಯಾರ ಬಾಯಲ್ಲಿ ಏನನ್ನು ಬೇಕಾದರೂ ಹೇಳಿಸಬಹುದು ಎಂಬ ಭಯಕ್ಕೇ ಈ ಕಾನೂನು ಹುಟ್ಟಿದ್ದು. ಅದರಲ್ಲೇ ಒಂದು ಕಿಂಡಿಯಿದೆ. ಆರೋಪಿ ‘ಕೊಂದ ಕುಡುಗೋಲನ್ನು ಹಾಳುಬಾವಿಗೆ ಎಸೆದಿದ್ದೇನೆ’ ಅಂದು, ಬಾವಿಗೆ ಇಳಿದು ನೋಡಿದಾಗ ಕುಡುಗೋಲು ನಿಜವಾಗಿ ಸಿಕ್ಕರೆ, ಆ ವಸ್ತು ಎಲ್ಲಿದೆ ಎಂದು ಹೇಳಿದಷ್ಟು ಮಾತಿಗೆ ಮಾತ್ರ ಬೆಲೆ. ‘ಕೊಂದ’ ಅನ್ನುವ ಮಾತಿಗೆ ಆಗಲೂ ಬೆಲೆಯಿಲ್ಲ.

ನಮ್ಮ ಕಸುಬಿನ ಮರ್ಮವೆಲ್ಲ ಈ ಒಂದು ಸೆಕ್ಷನ್ನಿನಲ್ಲಿದೆ ಎಂದು ನಾನು ನಂಬಿದ್ದೇನೆ. ಕೊನೆಯ ಅಧ್ಯಾಯದಲ್ಲಿ ಕೊಲೆಗಾರನ ಬಾಯಿ ಬಿಡಿಸುವ ಲೇಖಕ ಠಾಣೆಯ ಹಿಂಬದಿ ಕೋಣೆಯ ಲಾಠಿಯನ್ನೇ ಕೈಗೆತ್ತಿಕೊಂಡಿರುತ್ತಾನೆ. ಏಟು ಬೀಳುವುದು ಪಾತ್ರಕ್ಕೆ, ಮೋಸ ಹೋಗುವುದು ಓದುಗ. ಇನ್ನೂರು ಪುಟ ನಮ್ಮ ಜೊತೆ ನಡೆದು, ಬಾಗಿಲು, ಬೀಗ, ಚಪ್ಪಲಿ ಎಲ್ಲವನ್ನೂ ಗಮನವಿಟ್ಟು ನೋಡಿದ ಓದುಗನಿಗೆ ಕೊನೆಗೆ ‘ನೀನು ನೋಡಿದ್ದು ಯಾವುದೂ ಲೆಕ್ಕಕ್ಕಿಲ್ಲ, ಇವನೇ ಹೇಳುತ್ತಾನೆ ಕೇಳು’ ಅಂದ ಹಾಗೆ.

ಇಷ್ಟು ಬಿಸಿಯಾಗಿ ಹೇಳುವುದಕ್ಕೆ ಕಾರಣವಿದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ.

1979ರಲ್ಲಿ ಒಂದು ಕಾದಂಬರಿ ಬರೆದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ, ಸುಗ್ಗಿ ಕಾಲ, ರಾತ್ರಿಯಿಡೀ ಸುಲಿಯುವ ಅಂಗಳ, ಒಲೆಯ ಮೇಲೆ ಬೇಯುವ ಹಂಡೆ. ಯಜಮಾನ ಹಂಡೆಯ ಪಕ್ಕದಲ್ಲೇ ಸತ್ತು ಬಿದ್ದಿದ್ದಾನೆ. ಪೇಟೆಯಿಂದ ಬಂದ ಅಳಿಯ ‘ನಾನು ಜಗಲಿ ಇಳಿದೇ ಇಲ್ಲ’ ಅನ್ನುತ್ತಾನೆ. ಏಳನೆಯ ಅಧ್ಯಾಯದಲ್ಲಿ ಅತ್ತೆ ಅವನಿಗೆ ಕಾಫಿ ತಂದುಕೊಡುತ್ತಾರೆ. ಅವನು ಎಡಗೈ ಚಾಚಿ ಲೋಟ ತೆಗೆದುಕೊಳ್ಳುತ್ತಾನೆ, ಬಲಗೈ ಶಾಲಿನೊಳಗೇ ಇದೆ. ಅತ್ತೆ ಮುಖ ಸಿಂಡರಿಸುತ್ತಾರೆ, ಅಷ್ಟೇ. ಅಡಿಕೆ ಚೊಗರು, ಅಂದರೆ ಹಂಡೆಯಲ್ಲಿ ಅಡಿಕೆ ಬೇಯುವಾಗ ಬಿಡುವ ಒಗರು ರಸ, ಮೈಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ದಿನಗಟ್ಟಲೆ ಹೋಗುವುದಿಲ್ಲ, ಉಗುರಿನ ಸಂದಿಯಲ್ಲಿ ಕಪ್ಪು ಕೂತೇ ಇರುತ್ತದೆ. ಇಡೀ ಕಾದಂಬರಿ ಆ ಬಲಗೈಯ ಮೇಲೆ ನಿಂತಿತ್ತು.

ಪ್ರಕಾಶಕರು ಎಂಟು ಫಾರಂ ಮೀರಬಾರದು ಅಂದರು. ಹದಿನಾರು ಪುಟಕ್ಕೊಂದು ಫಾರಂ, ಅಂದರೆ 128 ಪುಟ. ನನ್ನದು ಹತ್ತು ಫಾರಂ ಆಗುತ್ತಿತ್ತು. ‘ಕಾಫಿ ಕುಡಿಯೋದೆಲ್ಲ ಯಾಕ್ರೀ, ಕೊನೇಲಿ ಅವನೇ ಒಪ್ಪಿಕೊಂಡರೆ ಆಯ್ತಲ್ಲ’ ಅಂದು ಏಳನೆಯ ಅಧ್ಯಾಯವನ್ನು ಕೆಂಪು ಶಾಯಿಯಲ್ಲಿ ಅಡ್ಡಡ್ಡ ಹೊಡೆದರು. ನನಗೆ ಆಗ ಮನೆ ಬಾಡಿಗೆ ಕಟ್ಟಬೇಕಿತ್ತು. ಅವರ ಮೇಜಿನ ಮೇಲೆಯೇ ಕೂತು ನಾಲ್ಕು ಪುಟದ ತಪ್ಪೊಪ್ಪಿಗೆ ಬರೆದುಕೊಟ್ಟು, ದುಡ್ಡು ಎಣಿಸಿಕೊಂಡು ಬಂದೆ. ಅವರ ಮೇಲೆ ಬಹಳ ವರ್ಷ ಕೋಪವಿತ್ತು. ಹಾಗೆ ನೋಡಿದರೆ ಅವರು ಕೇಳಿದರು, ಬರೆದವನು ನಾನು.

ಪುಸ್ತಕ ಬಂದು ಎರಡು ತಿಂಗಳಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಅಡಿಕೆ ಸುಲಿಯಲು ಹೋಗುವ ಹೆಂಗಸೊಬ್ಬರು ಹೇಳಿ, ಮಗನ ಕೈಲಿ ಬರೆಸಿದ್ದು. ಮಗ ಓದುತ್ತಿದ್ದನಂತೆ, ಅವರು ಅಂಗಳದಲ್ಲಿ ನಾಲ್ಕೈದು ಜನ ಸುಲಿಯುತ್ತ ಕೇಳುತ್ತಿದ್ದರಂತೆ. ‘ಕೊಂದವನ ಕೈಗೆ ಚೊಗರು ಹತ್ತಿರಲೇಬೇಕಲ್ಲ ಅಂತ ನಾವು ಮೊದಲಿಂದಲೂ ಎಲ್ಲರ ಕೈ ನೋಡುತ್ತಿದ್ದೆವು. ನೀವು ಯಾರ ಕೈಯನ್ನೂ ತೋರಿಸಲೇ ಇಲ್ಲ. ಯಾಕೆ?’ ಅಂತ ಇತ್ತು. ಆ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಬರೆಯಲಿಲ್ಲ. ಪತ್ರ ಇನ್ನೂ ನನ್ನ ಹತ್ತಿರ ಇದೆ, ಮಡಿಕೆಯಲ್ಲಿ ಹರಿದಿದೆ.

ನೀನು ಸ್ವತಂತ್ರ ಲೇಖಕಿ ಎಂದು ಪತ್ರದ ಕೊನೆಯಲ್ಲಿ ಹಾಕಿಕೊಂಡಿದ್ದೀಯ. ಹಾಗಾದರೆ ನಿನಗೆ ಎಂಟು ಫಾರಂ ಅನ್ನುವವರು ಯಾರೂ ಇಲ್ಲ. 58ನೇ ಪುಟವನ್ನು ಹೊಡೆದುಹಾಕುವ ಕೆಂಪು ಶಾಯಿ ಇಲ್ಲ. ಅದನ್ನು ಮರೆತರೆ ನೆನಪಿಸುವ ಸಂಪಾದಕರೂ ಇಲ್ಲ, ಇದೂ ಅಷ್ಟೇ ನಿಜ. ನಿನಗೂ ಓದುಗನಿಗೂ ನಡುವೆ ನೀನೊಬ್ಬಳೇ. ಗೆಳೆಯರು ‘ಕ್ಲೈಮ್ಯಾಕ್ಸ್ ಸೂಪರ್, ಊಹಿಸಲೇ ಆಗಲಿಲ್ಲ’ ಅಂದರು ಎಂದು ಸಂತೋಷದಿಂದ ಬರೆದಿದ್ದೀಯ. ಕೊಟ್ಟ ಸುಳಿವನ್ನು ನೀನೇ ಕೈಬಿಟ್ಟರೆ ಅವರು ಹೇಗೆ ಊಹಿಸಿಯಾರು? ‘ಛೆ, 58ನೇ ಪುಟದಲ್ಲೇ ಇತ್ತು, ನಾನೇ ನೋಡಲಿಲ್ಲ’ ಎಂದು ಒಬ್ಬ ಓದುಗ ಹಣೆ ಚಚ್ಚಿಕೊಂಡರೆ ಆ ದಿನ ನನಗೆ ತಿಳಿಸು, ನಾನೂ ಸಂತೋಷ ಪಡುತ್ತೇನೆ.

ಇದು ಸಾಹಿತ್ಯವೇ ಅಲ್ಲ ಎಂದು ನಿನ್ನ ಮೇಷ್ಟ್ರು ಅಂದರೆಂದು ನೊಂದುಕೊಂಡಿದ್ದೀಯ. ನನಗೂ ಐವತ್ತು ವರ್ಷದಿಂದ ಅನ್ನುತ್ತಿದ್ದಾರೆ. ನಾಲ್ಕನೇ ತರಗತಿಯವರೆಗೆ ಓದಿದ್ದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು ಎಷ್ಟೋ ಮನೆಗಳಿಗೆ ಕನ್ನಡ ಓದುವ ಚಟ ಹತ್ತಿಸಿದರು. ಹಳದಿ ಕೆಂಪು ಬಾವುಟವನ್ನು ನಮಗೆ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಮೇಷ್ಟ್ರ ಜೊತೆ ವಾದ ಮಾಡಬೇಡ, ಆ ಹೊತ್ತಿನಲ್ಲಿ ಹಾವೇರಿಯ ಕೋರ್ಟಿಗೆ ಹೋಗು. ಕೊಲೆ ಮೊಕದ್ದಮೆಯ ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು. ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಕಟಕಟೆಯಲ್ಲಿ ನಿಂತು ‘ಸಹಿ ನನ್ನದೇ, ಅದರಲ್ಲಿ ಏನು ಬರೆದಿದೆಯೋ ಗೊತ್ತಿಲ್ಲ’ ಅನ್ನುವುದನ್ನು ಕೇಳು. ಆ ಮಾತು ಬಿದ್ದಾಗ ಸರ್ಕಾರಿ ವಕೀಲರ ಮುಖ ನೋಡು. ಒಪ್ಪಿಗೆಯ ಮಾತು ಇಲ್ಲದೆ, ಒಂದು ಚಪ್ಪಲಿ, ಒಂದು ಬಸ್ ಟಿಕೆಟ್, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಬಂದ ಒಂದು ವರದಿ ಇಟ್ಟುಕೊಂಡು ಕೊಂಡಿಗೆ ಕೊಂಡಿ ಸೇರಿಸುವುದು ಎಷ್ಟು ಕಷ್ಟ ಎಂದು ಅಲ್ಲಿ ಗೊತ್ತಾಗುತ್ತದೆ. ಎರಡು ವಾರ ಹೋಗು. ಪತ್ತೇದಾರಿ ಬರೆಯುವುದನ್ನು ಕಲಿಸುತ್ತೇವೆ ಅನ್ನುವ ಪುಸ್ತಕಗಳನ್ನು ಅಷ್ಟು ದಿನ ಮುಟ್ಟಬೇಡ.

209ರಿಂದ 239ರವರೆಗಿನ ಪುಟಗಳನ್ನು ಬೇರೆ ತೆಗೆದು ಕ್ಲಿಪ್ ಹಾಕಿ ಇಟ್ಟಿದ್ದೇನೆ, ಅವನ್ನು ನಿನಗೆ ವಾಪಸು ಕಳಿಸುವುದಿಲ್ಲ. ಉಳಿದದ್ದು ಈ ಪತ್ರದ ಜೊತೆ ಬರುತ್ತಿದೆ. ಆ ಲೇವಾದೇವಿಯವನು ಕೊನೆಯವರೆಗೂ ‘ನಾನಲ್ಲ’ ಅನ್ನುತ್ತಲೇ ಇರಲಿ. ಕಣ್ಣಿನ ಪೊರೆ ತೆಗೆಸಲು ಮುಂದಿನ ತಿಂಗಳ 20ಕ್ಕೆ ಬರಹೇಳಿದ್ದಾರೆ, ಆಮೇಲೆ ಸ್ವಲ್ಪ ದಿನ ಓದುವಂತಿಲ್ಲ. ಹೊಸ ಕೊನೆಯನ್ನು ಅದಕ್ಕೆ ಮೊದಲೇ ಕಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ