ಮನೆ ಮಾರಿದರೂ ಬಡಾವಣೆ ಬಿಡಬೇಕಾಗಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಮಾರಾಟದ ಮಾತು ಬಂದಾಗಲೆಲ್ಲ ಚರ್ಚೆ ಚದರಡಿಗೆ ಎಷ್ಟು ಎಂಬಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಮಾರಿದ ಮೇಲೆ ಎಲ್ಲಿರುವುದು, ಯಾರಿಗೆ ಹತ್ತಿರವಾಗಿರುವುದು ಎಂಬ ಪ್ರಶ್ನೆ ನೋಂದಣಿಯ ದಿನ ಸಮೀಪಿಸಿದಾಗ, ಸಾಮಾನು ಕಟ್ಟುವ ಗಡಿಬಿಡಿಯ ನಡುವೆ ಏಳುತ್ತದೆ. ಈ ಕ್ರಮ ಬದಲಾಗಬೇಕು, ಇರುವ ಜಾಗ ಮೊದಲು ನಿಶ್ಚಯವಾಗಿ ದರದ ಮಾತು ಆಮೇಲೆ ನಡೆಯಬೇಕು, ಆ ಜಾಗವೂ ಸಾಧ್ಯವಾದ ಮಟ್ಟಿಗೆ ಅದೇ ಬಡಾವಣೆಯಲ್ಲಿರಬೇಕು ಎಂಬುದು ಒಂಟಿಕೊಪ್ಪಲಿನಲ್ಲಿ ಹಳೆಯ ಮನೆಯನ್ನು ಮಾರಿ ಒಂಟಿಕೊಪ್ಪಲಿನಲ್ಲಿಯೇ ಉಳಿದಿರುವ ನನ್ನ ಖಚಿತ ಅಭಿಪ್ರಾಯ. ನಮ್ಮಂಥ ಕುಟುಂಬಗಳೂ ಆಡಳಿತವೂ ಒಟ್ಟಿಗೆ ಯೋಚಿಸಬೇಕಾದ ವಿಷಯವಿದೆಂದು ತೋರಿದ್ದರಿಂದ ತಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ಒಂಟಿಕೊಪ್ಪಲ್ ಎಂಬ ಹೆಸರು ರಾಜ್ಯದ ಮನೆಮನೆಗೂ ಪಂಚಾಂಗದಿಂದಾಗಿ ಗೊತ್ತು. ಆ ಹೆಸರಿನ ಬಡಾವಣೆಯೊಂದಿದೆ, ಅಲ್ಲಿಯೂ ಜನ ಸಂಸಾರ ಮಾಡಿಕೊಂಡಿದ್ದಾರೆ ಎಂಬುದು ಎಷ್ಟೋ ಮಂದಿಗೆ ಹೊಳೆದಿರಲಿಕ್ಕಿಲ್ಲ. ಪ್ಲೇಗಿನ ಹಾವಳಿಯ ಬೆನ್ನಿಗೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾದ ಮೇಲೆ ಮೈಸೂರು ನಗರ ಕೋಟೆಯ ಸುತ್ತಲಿನ ಇಕ್ಕಟ್ಟಿನಿಂದ ಹೊರಬಂದು ಅಗಲವಾದ ರಸ್ತೆ, ಉದ್ಯಾನ, ಮನೆಗಳ ಹಿಂದೆ ಶುಚಿತ್ವದ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳೊಂದಿಗೆ ಬೆಳೆಯಿತು. ಇಂಥ ಬಡಾವಣೆಗಳಲ್ಲಿ 40×60 ಅಡಿಯ ನಿವೇಶನದಲ್ಲಿ ಒಂದೇ ಅಂತಸ್ತಿನ ಮನೆ, ಮುಂದೆ ಪಾರಿಜಾತ, ಹಿಂದೆ ಎರಡು ತೆಂಗು ಎಂಬುದು ಸಾಮಾನ್ಯ ನೋಟವಾಗಿತ್ತು. ಆ ಮನೆಗಳನ್ನು ಕಟ್ಟಿಸಿದವರು ಗುಮಾಸ್ತರು, ಮೇಷ್ಟರು, ರೈಲ್ವೆ ನೌಕರರು. ಈಗ ಮಾರುತ್ತಿರುವವರು ಅವರ ಮಕ್ಕಳು, ಅಂದರೆ ನನ್ನ ವಯಸ್ಸಿನವರು.

ಮಾರುವುದಕ್ಕೆ ಕಾರಣಗಳು ಎಲ್ಲರಿಗೂ ತಿಳಿದವೇ. ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇರುತ್ತಾರೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆಯಿಂದ ಕಟ್ಟಿದ ಮದ್ರಾಸು ತಾರಸಿ ಪ್ರತಿ ಮಳೆಗಾಲದಲ್ಲೂ ಸೋರುತ್ತದೆ, ಅದನ್ನು ರಿಪೇರಿ ಮಾಡಬಲ್ಲ ಗಾರೆಯವರು ಸಿಗುವುದಿಲ್ಲ. ಒಡಹುಟ್ಟಿದವರ ಪಾಲನ್ನು ಕೊಡಬೇಕಾಗಿರುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ಕೊಟ್ಟಿರುವುದರಿಂದ ಮನೆಯನ್ನು ಒಬ್ಬ ಮಗನ ಹೆಸರಿಗೆ ಸದ್ದಿಲ್ಲದೆ ಬರೆದುಬಿಡುವ ಕಾಲವೂ ಹೋಯಿತು, ಅದು ಹೋದದ್ದು ಒಳ್ಳೆಯದೇ ಆಯಿತು. ಕೊಳ್ಳುವವರ ಕಣ್ಣಿಗೆ ಮಾತ್ರ ಕಾಣುವುದು ನಿವೇಶನ. ಮನೆಗೆ ಅವರ ಲೆಕ್ಕದಲ್ಲಿ ಬೆಲೆಯಿಲ್ಲ, ಕೆಲವೊಮ್ಮೆ ಅದನ್ನು ಕೆಡವುವ ಖರ್ಚನ್ನೂ ನಮ್ಮ ದರದಿಂದಲೇ ಕಳೆಯಲು ನೋಡುತ್ತಾರೆ. ಪಕ್ಕದ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಊರು ಎಚ್ಚೆತ್ತುಕೊಂಡಿತು, ಕೆಲಸ ನಿಂತಿತು, 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು. ನಮ್ಮ ಮನೆಗಳಿಗೆ ಆ ಭಾಗ್ಯ ಬೇಕೆಂದು ನಾನು ಕೇಳುತ್ತಿಲ್ಲ. ವಾಸಕ್ಕೆಂದು ಕಟ್ಟಿದ ಮನೆ ವಾಸಕ್ಕೆ ಒದಗದಂತಾದಾಗ ಕೈ ಬದಲಾಗುವುದು ಸಹಜ. ಉಳಿಯಬೇಕಾದದ್ದು ಆ ಮನೆಯವರು ನಾಲ್ಕು ಬೀದಿಯ ಸುತ್ತಳತೆಯಲ್ಲಿ ಕಟ್ಟಿಕೊಂಡ ಬದುಕು.

ಮಾರಿದ ಹಿರಿಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಬೆಂಗಳೂರಿನಲ್ಲಿರುವ ಮಗನ ಅಪಾರ್ಟ್‌ಮೆಂಟಿಗೆ ಹೋಗುವುದು ಒಂದು. ಅಲ್ಲಿ ಮಗ ಸೊಸೆ ಬೆಳಿಗ್ಗೆ ಹೊರಟರೆ ಹಿಂತಿರುಗುವುದು ಕತ್ತಲಾದ ಮೇಲೆ, ಅಲ್ಲಿಯವರೆಗೆ ಮಾತನಾಡಲು ಸಿಗುವವರು ಗೇಟಿನ ಕಾವಲುಗಾರರು. ರಿಂಗ್ ರಸ್ತೆಯ ಆಚೆ ಹೊಸ ಲೇಔಟಿನಲ್ಲಿ ಇದೇ ಹಣಕ್ಕೆ ದೊಡ್ಡ ಮನೆ ಸಿಗುತ್ತದೆಂದು ಅಲ್ಲಿಗೆ ಹೋಗುವುದು ಇನ್ನೊಂದು. ಊರಂಚಿನ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾದದ್ದು, ಹೂಟಗಳ್ಳಿ ನಗರಸಭೆಯಾದದ್ದು 2020ರಲ್ಲಷ್ಟೇ. ಹೊರವಲಯದ ಎಷ್ಟೋ ಖಾಸಗಿ ಬಡಾವಣೆಗಳಲ್ಲಿ ನೀರು, ಒಳಚರಂಡಿ, ಬೀದಿದೀಪಗಳ ಹೊಣೆ ಯಾರದೆಂಬುದು ಈಗಲೂ ವಿವಾದದ ವಿಷಯವೇ. ಅಲ್ಲಿ ಕೊಳ್ಳುವ ಮೂವತ್ತು ವರ್ಷದ ದಂಪತಿಗೆ ಕಾಯುವ ಶಕ್ತಿಯಿದೆ. ಎಪ್ಪತ್ತರ ಅಂಚಿನಲ್ಲಿರುವವರು ಟ್ಯಾಂಕರ್ ನೀರಿಗೆ ಫೋನು ಮಾಡುತ್ತ, ಮಾತ್ರೆ ತರುವುದಕ್ಕೂ ಆಟೋ ಕರೆಯುತ್ತ ದೊಡ್ಡ ಮನೆಯಲ್ಲಿ ಇರುವುದರಲ್ಲಿ ಏನು ಸುಖ?

ಮೂರನೆಯ ದಾರಿಯೊಂದಿದೆ, ಅದಕ್ಕೆ ಆದಾಯ ತೆರಿಗೆಯ ನಿಯಮವೇ ಅನುಕೂಲ ಮಾಡಿಕೊಟ್ಟಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಒಡೆತನದಲ್ಲಿದ್ದ ವಾಸದ ಮನೆಯನ್ನು ಮಾರಿದಾಗ ಬಂದ ಲಾಭವನ್ನು, ಮಾರಾಟಕ್ಕೆ ಹಿಂದಿನ ಒಂದು ವರ್ಷದಲ್ಲಿ ಅಥವಾ ಮುಂದಿನ ಎರಡು ವರ್ಷಗಳಲ್ಲಿ ಬೇರೊಂದು ವಾಸದ ಮನೆ ಕೊಳ್ಳಲು, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿಸಲು ತೊಡಗಿಸಿದರೆ ಆ ಮಟ್ಟಿಗೆ ತೆರಿಗೆಯಿಲ್ಲ ಎಂಬುದನ್ನು ಲೆಕ್ಕಪರಿಶೋಧಕರು ಎಲ್ಲರಿಗೂ ಹೇಳುತ್ತಾರೆ. ಆದರೆ ಲಾಭ 2 ಕೋಟಿ ರೂಪಾಯಿ ಮೀರದಿದ್ದರೆ ಜೀವಮಾನದಲ್ಲಿ ಒಮ್ಮೆ ಒಂದರ ಬದಲು ಎರಡು ಮನೆಗಳನ್ನು ಕೊಳ್ಳಬಹುದು ಎಂಬ ಅವಕಾಶವೂ 2019ರಿಂದ ಇದೆ. ಕೂಡು ಒಡೆತನವಿದ್ದಲ್ಲಿ ಪ್ರತಿಯೊಬ್ಬರ ಪಾಲಿನ ಲಾಭ ಬೇರೆ ಬೇರೆಯಾಗಿಯೇ ಲೆಕ್ಕವಾಗುವುದರಿಂದ ಈ ಮಿತಿ ಮೊದಲ ನೋಟಕ್ಕೆ ಕಾಣುವಷ್ಟು ಬಿಗಿಯಾದದ್ದಲ್ಲ. ನಾವು ಮಾಡಿದ್ದು ಇದನ್ನೇ: ಬಂದ ಹಣದಲ್ಲಿ ಎರಡು ಕೋಣೆಯ ನೆಲಮಹಡಿಯ ಮನೆಯೊಂದನ್ನು ನಮಗಾಗಿ, ಅಷ್ಟೇ ಸಣ್ಣ ಇನ್ನೊಂದನ್ನು ಮುಂದಿನ ಕ್ರಾಸಿನಲ್ಲಿ ಮಗಳ ಸಂಸಾರಕ್ಕಾಗಿ ಕೊಂಡೆವು. ಎರಡೂ ನಮ್ಮ ಹೆಸರಿನಲ್ಲಿಯೇ ಇವೆ. ತೆರಿಗೆಯ ದೃಷ್ಟಿಯಿಂದ ಅದು ಸುರಕ್ಷಿತ, ಮುಪ್ಪಿನ ದೃಷ್ಟಿಯಿಂದಲೂ ಅದೇ ಮೇಲು. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ರಿಯಾಯಿತಿ ಕೈತಪ್ಪುತ್ತದೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಬಳಕೆಯಾಗದೆ ಉಳಿದ ಲಾಭದ ಹಣವನ್ನು ಬ್ಯಾಂಕಿನಲ್ಲಿ ಇದಕ್ಕಾಗಿಯೇ ಇರುವ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಪಾಲುದಾರರಲ್ಲಿ ಒಬ್ಬರು ಪರದೇಶದಲ್ಲಿದ್ದರೆ ಮಾತುಕತೆಗೆ ಮೊದಲೇ ವಿಚಾರಿಸುವುದು ಒಳಿತು. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಹಣದುಬ್ಬರದ ಲೆಕ್ಕ ಹಿಡಿದು ಲಾಭದ ಮೇಲೆ ಶೇ 20 ತೆರಿಗೆ, ಅದಿಲ್ಲದೆ ಶೇ 12.5 ಎಂಬ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಇಲ್ಲಿನ ನಿವಾಸಿಗಳಿಗೆ ಮಾತ್ರ ಇದೆ, ಅನಿವಾಸಿಗಳ ಪಾಲಿನಿಂದ ಕೊಳ್ಳುವವರು ಮೊದಲೇ ಕಡಿತ ಮಾಡಬೇಕಾದ ತೆರಿಗೆಯೂ ನಮ್ಮ ಪಾಲಿನಿಂದ ಕಡಿತವಾಗುವ ಶೇ 1ಕ್ಕಿಂತ ಬಹಳ ಹೆಚ್ಚು.

ಹೀಗೆ ಉಳಿದುಕೊಂಡದ್ದರಿಂದ ಸಿಕ್ಕಿದ್ದೇನು ಎಂದು ಬಂಧುಗಳು ಕೇಳುತ್ತಾರೆ, ಏಕೆಂದರೆ ಅವರ ಕಣ್ಣಿಗೆ ನಾವು ದೊಡ್ಡ ಮನೆಯಿಂದ ಸಣ್ಣ ಮನೆಗೆ ಇಳಿದವರು. ಮೊಮ್ಮಗ ಶಾಲೆಯ ವ್ಯಾನಿನಿಂದ ಇಳಿದು ನೇರವಾಗಿ ನಮ್ಮಲ್ಲಿಗೆ ಬಂದು ಅವಲಕ್ಕಿ ತಿಂದು, ಅಜ್ಜನೊಡನೆ ಜಗಳವಾಡಿ, ಕತ್ತಲಾಗುವ ಹೊತ್ತಿಗೆ ಅಮ್ಮನ ಜೊತೆ ಹೊರಡುತ್ತಾನೆ. ಮೈಸೂರಿನದೇ ಹೆಬ್ಬಾಳದ ಕಚೇರಿಯಿಂದ ಬರುವ ಮಗಳಿಗೆ ಮಗು ಎಲ್ಲಿದೆ ಎಂಬ ಚಿಂತೆಯಿಲ್ಲ, ನಮಗೆ ಸಂಜೆ ಹೇಗೆ ಕಳೆಯುವುದೆಂಬ ಚಿಂತೆಯಿಲ್ಲ. ಒಂದೇ ಸೂರಿನಡಿ ಇರುವುದರಲ್ಲಿ ಹುಟ್ಟುವ ಮುನಿಸು ಮುಂದಿನ ಕ್ರಾಸಿನಲ್ಲಿದ್ದರೆ ಹುಟ್ಟುವುದಿಲ್ಲ, ಹುಟ್ಟಿದರೂ ರಾತ್ರಿ ಬೇರೆ ಬೇರೆ ಬಾಗಿಲು ಹಾಕಿಕೊಳ್ಳಬಹುದು ಎಂಬ ಲಾಭವನ್ನು ಯಾವ ಕರಪತ್ರದಲ್ಲಿಯೂ ಯಾರೂ ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ. ನಮ್ಮ ಯಜಮಾನರು ಚೆಲುವಾಂಬ ಉದ್ಯಾನದಲ್ಲಿ ತಮ್ಮ ಹಳೆಯ ಗುಂಪಿನೊಡನೆ ಎಂದಿನಂತೆ ಕೂರುತ್ತಾರೆ. ರಜೆಯ ಮುಂಜಾನೆ ಅಳಿಯನೂ ಮೊಮ್ಮಗನೂ ಸೇರಿ ಕುಕ್ಕರಹಳ್ಳಿ ಕೆರೆಯ ಏರಿಯವರೆಗೆ ನಡೆದು ಹೆಜ್ಜಾರ್ಲೆಗಳನ್ನು ನೋಡಿಕೊಂಡು ಬರುತ್ತಾರೆ. ನಮ್ಮ ರಕ್ತದೊತ್ತಡದ ಚರಿತ್ರೆಯೆಲ್ಲ ಬಲ್ಲ ವೈದ್ಯರು ಅದೇ ಬೀದಿಯಲ್ಲಿದ್ದಾರೆ, ಹೂವಿನವಳಿಗೆ ನಾವು ಹೊಸ ವಿಳಾಸ ಹೇಳಿದರೆ ಸಾಕಾಯಿತು. ಗಣಪತಿ ಹಬ್ಬದಲ್ಲಿ ಎಂಟನೇ ಕ್ರಾಸಿನ ಸಂಗೀತ ಕಛೇರಿಗಳಿಗೆ ಈಗಲೂ ನಡೆದೇ ಹೋಗುತ್ತೇವೆ, ಮನಸ್ಸಿಗೆ ಬಾರದಿದ್ದರೆ ಮೃದಂಗದವರ ತನಿ ಆವರ್ತನಕ್ಕೆ ಮೊದಲೇ ಎದ್ದು ಬರುತ್ತೇವೆ. ದೂರದಿಂದ ಕಾರಿನಲ್ಲಿ ಬಂದವರಿಗೆ ಈ ಸ್ವಾತಂತ್ರ್ಯವಿಲ್ಲ. ನವರಾತ್ರಿಯಲ್ಲಿ ಹಳೆಯ ಪಡಸಾಲೆಯಷ್ಟು ಜಾಗ ಹೊಸ ಮನೆಯಲ್ಲಿಲ್ಲವಾದ್ದರಿಂದ ಪಟ್ಟದ ಗೊಂಬೆಗಳು ನಮ್ಮಲ್ಲಿಯೂ, ಶೆಟ್ಟಿ ದಂಪತಿ ಮತ್ತು ಉಳಿದ ಪರಿವಾರ ಮಗಳ ಮನೆಯಲ್ಲಿಯೂ ಕೂರುತ್ತವೆ. ಬೀದಿಯ ಮಕ್ಕಳಿಗೆ ಒಂದೇ ಕುಟುಂಬದಿಂದ ಎರಡು ಸಲ ಗೊಂಬೆ ಬಾಗಿನ ಸಿಗುವಂತಾಗಿದೆ, ಅವರ ಪೈಕಿ ಯಾರೂ ಈ ಏರ್ಪಾಡನ್ನು ಆಕ್ಷೇಪಿಸಿಲ್ಲ.

ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಮಾಡುವುದಿಲ್ಲ? ಮುಖ್ಯ ಅಡಚಣೆ, ಹಳೆಯ ಬಡಾವಣೆಗಳಲ್ಲಿ ಸಣ್ಣ ಮನೆ ಮಾರಾಟಕ್ಕೆ ಸಿಗುವುದಿಲ್ಲ ಎಂಬುದು. ಕೆಡವಿದ ಜಾಗದಲ್ಲಿ ಏಳುವುದು ಒಂದೋ ಮೂರು ಕೋಣೆಯ ದುಬಾರಿ ಫ್ಲ್ಯಾಟುಗಳು, ಇಲ್ಲವೋ ಪೇಯಿಂಗ್ ಗೆಸ್ಟ್ ಕಟ್ಟಡ, ಇಲ್ಲವೋ ಅಂಗಡಿ. ಕಾಳಿದಾಸ ರಸ್ತೆ ವ್ಯಾಪಾರದ ರಸ್ತೆಯಾದದ್ದಕ್ಕೆ ನನ್ನ ತಕರಾರಿಲ್ಲ, ದೊಡ್ಡ ರಸ್ತೆಗಳ ಸ್ವಭಾವವೇ ಅದು. ಅದರ ಅಡ್ಡರಸ್ತೆಗಳೂ ಅದೇ ಹಾದಿ ಹಿಡಿದರೆ ಮಗು ಅಜ್ಜಿಯ ಮನೆಗೆ ಒಬ್ಬನೇ ನಡೆದು ಬರುವ ಬೀದಿ ಉಳಿಯುವುದಿಲ್ಲ ಎಂಬುದು ನನ್ನ ಆತಂಕ.

ಎರಡನೆಯ ಅಡಚಣೆ ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಸಂಬಂಧಿಸಿದ್ದು. ನಿವೇಶನವನ್ನು ಬಿಲ್ಡರಿಗೆ ಒಪ್ಪಿಸಿ, ಅಲ್ಲಿಯೇ ಕಟ್ಟುವ ಫ್ಲ್ಯಾಟುಗಳಲ್ಲಿ ನಮ್ಮ ಪಾಲನ್ನು ಪಡೆಯುವ ಈ ಪದ್ಧತಿ, ಬಡಾವಣೆ ಬಿಡಲೊಲ್ಲದ ಹಿರಿಯರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಬಿಲ್ಡರುಗಳ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ನಿವೇಶನ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ಯೋಜನೆಯ ನೋಂದಣಿ ಕಡ್ಡಾಯವಲ್ಲ. ನಮ್ಮ 40×60ರ ನಿವೇಶನದ ವಿಸ್ತೀರ್ಣ ಸುಮಾರು 223 ಚದರ ಮೀಟರ್. ಅಂದರೆ ಹಳೆಯ ಬಡಾವಣೆಯ ಹೆಚ್ಚಿನ ಒಪ್ಪಂದಗಳು ನೋಂದಣಿಯ ರಕ್ಷಣೆಯಿಂದ ಹೊರಗೇ ಉಳಿಯುತ್ತವೆ. ನನಗೆ ಪರಿಚಿತರಾದ ವೃದ್ಧ ದಂಪತಿಯ ನಿವೇಶನದಲ್ಲಿ ಬಿಲ್ಡರು ಕಂಬಗಳನ್ನು ಎಬ್ಬಿಸಿ ಕೈಚೆಲ್ಲಿದ್ದು, ಅವರು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುತ್ತಿದ್ದಾರೆ. ಸಿವಿಲ್ ನ್ಯಾಯಾಲಯದ ದಾರಿಯಿದೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಇಂಥ ಒಪ್ಪಂದಕ್ಕೆ ಸಹಿ ಹಾಕುವವರು ಮುಗಿಸುವ ಗಡುವು, ತಡವಾದರೆ ಕೊಡಬೇಕಾದ ಬಾಡಿಗೆ, ವಾಪಸು ಕೊಡಬೇಕಿಲ್ಲದ ಠೇವಣಿ ಇವುಗಳನ್ನು ಒಪ್ಪಂದದಲ್ಲಿಯೇ ಬರೆಸಿ, ಅದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸದೆ ಮನೆಯ ಬೀಗದ ಕೈಯನ್ನು ಕೊಡಬಾರದು.

ಕಾಗದಪತ್ರಗಳ ವಿಷಯ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಈಗ ಇ-ಖಾತೆಯಿಲ್ಲದೆ ನೋಂದಣಿ ನಡೆಯುವುದಿಲ್ಲ, ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಉಳಿದ ಖಾತೆ ಬದಲಾಗಲು ವಂಶವೃಕ್ಷದಿಂದ ಹಿಡಿದು ಹಕ್ಕು ಬಿಡುಗಡೆ ಪತ್ರದವರೆಗೆ ಹಲವು ದಾಖಲೆಗಳು ಬೇಕು. ಕೊಳ್ಳುವವರು ಮುಂಗಡ ಹಿಡಿದು ಬಾಗಿಲಲ್ಲಿ ನಿಂತಾಗ ಇವನ್ನು ಹುಡುಕಲು ಹೊರಟರೆ ದರ ಇಳಿಯುವುದು ಖಂಡಿತ.

ಸರ್ಕಾರ ಮಾಡಬಹುದಾದದ್ದೂ ಇದೆ. 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿದರೆ, ದೊಡ್ಡ ಮನೆಯನ್ನು ಬಿಟ್ಟು ಸಣ್ಣದಕ್ಕೆ ಹೋಗುವ ಹಿರಿಯರು ಹಲವು ಲಕ್ಷ ರೂಪಾಯಿಗಳನ್ನು ಇಲಾಖೆಗೇ ತೆರಬೇಕಾಗುತ್ತದೆ. ತಾವು ವಾಸವಿದ್ದ ಏಕೈಕ ಮನೆಯನ್ನು ಮಾರಿ ಅದೇ ನಗರದಲ್ಲಿ ಅದಕ್ಕಿಂತ ಸಣ್ಣ ಮನೆ ಕೊಳ್ಳುವ ಅರವತ್ತು ದಾಟಿದವರಿಗೆ ಈ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರೆ ಖಜಾನೆಗೆ ದೊಡ್ಡ ನಷ್ಟವೇನೂ ಆಗದು, ಏಕೆಂದರೆ ಅವರು ಬಿಟ್ಟುಕೊಟ್ಟ ದೊಡ್ಡ ಮನೆಯ ಮೇಲಿನ ಶುಲ್ಕ ಹೇಗೂ ಬಂದೇ ಇರುತ್ತದೆ. ಮಹಾನಗರ ಪಾಲಿಕೆ ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ವಾಸದ ಮನೆಗಳನ್ನು ವಾಣಿಜ್ಯಕ್ಕೆ ಬದಲಿಸುವ ಅನುಮತಿಗಳನ್ನು ಬಿಗಿಗೊಳಿಸಲಿ, ಲಿಫ್ಟ್ ಇರುವ ಸಣ್ಣ ಮನೆಗಳ ನಕ್ಷೆಗೆ ತ್ವರಿತವಾಗಿ ಮಂಜೂರಾತಿ ಕೊಡಲಿ, ಪಾದಚಾರಿ ಮಾರ್ಗಗಳ ಮೇಲಿನ ಜನರೇಟರುಗಳನ್ನೂ ಜಾಹೀರಾತು ಫಲಕಗಳನ್ನೂ ತೆಗೆಸಲಿ. ರೇರಾ ನೋಂದಣಿಯ ಮಿತಿಯನ್ನು ತಗ್ಗಿಸುವ ಅಧಿಕಾರ ಕಾಯ್ದೆಯಲ್ಲಿಯೇ ರಾಜ್ಯ ಸರ್ಕಾರಕ್ಕಿದೆ. ಕನಿಷ್ಠ ಹಿರಿಯ ನಾಗರಿಕರು ಪಾಲುದಾರರಾಗಿರುವ ಜಂಟಿ ಅಭಿವೃದ್ಧಿ ಯೋಜನೆಗಳನ್ನು ಹೇಗೆ ಆ ವ್ಯಾಪ್ತಿಗೆ ತರಬಹುದೆಂದು ವಸತಿ ಇಲಾಖೆ ಪರಿಶೀಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ,
ಒಂಟಿಕೊಪ್ಪಲು, ಮೈಸೂರು